ತರಬೇತಿ ಮುಗಿದ ಮರುದಿನ

ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಕನಿಷ್ಠ ಒಬ್ಬರಿರಬೇಕು ಎಂಬುದು ಅದರಲ್ಲೊಂದು. ತಡವಾಗಿಯಾದರೂ ಬಂದ ಒಳ್ಳೆಯ ಮಾತು. ಆದರೆ ಇಷ್ಟೊಂದು ಹುದ್ದೆಗಳು ಒಮ್ಮೆಗೇ ಬೇಕೆಂದಾಗ ಅವನ್ನು ತುಂಬಲು ಅವಸರದ ಸರ್ಟಿಫಿಕೇಟ್ ಕೋರ್ಸುಗಳೂ ಹುಟ್ಟಿಕೊಳ್ಳುತ್ತವೆ. ಎಷ್ಟು ಮಂದಿಗೆ ತರಬೇತಿ ಕೊಟ್ಟೆವು ಎಂಬ ಲೆಕ್ಕ ಸುಲಭವಾಗಿ ಸಿಗುತ್ತದೆ. ತರಬೇತಿ ಪಡೆದವರು ಆಮೇಲೆ ಬೆಳೆದರೇ ಎಂದು ಕೇಳಿದರೆ ಉತ್ತರಿಸುವ ವ್ಯವಸ್ಥೆಯೇ ನಮ್ಮಲ್ಲಿಲ್ಲ.

ಕರ್ನಾಟಕದಲ್ಲಿ ಆಪ್ತಸಮಾಲೋಚನೆಯ ಕೆಲಸದಲ್ಲಿ ಈಗಾಗಲೇ ಅನೇಕರಿದ್ದಾರೆ. ಕೌಟುಂಬಿಕ ನ್ಯಾಯಾಲಯಗಳು, ನೊಂದ ಮಹಿಳೆಯರಿಗಾಗಿರುವ ಸಾಂತ್ವನ ಕೇಂದ್ರಗಳು, ಸಖಿ ಕೇಂದ್ರಗಳು, ಎಚ್‌ಐವಿ ಪರೀಕ್ಷೆಯ ಐಸಿಟಿಸಿಗಳು, ಹದಿಹರೆಯದವರ ಸ್ನೇಹಾ ಕ್ಲಿನಿಕ್‌ಗಳು, ಪೊಲೀಸ್ ಇಲಾಖೆಯ ಸಹಾಯವಾಣಿಗಳು, ಕಾಲೇಜುಗಳು, ಸ್ವಯಂಸೇವಾ ಸಂಸ್ಥೆಗಳು, ಹೀಗೆ ಎಲ್ಲ ಕಡೆಯೂ. ಇವರಲ್ಲಿ ಅನೇಕರು ಗುತ್ತಿಗೆ ನೌಕರರು, ಇಲ್ಲವೇ ಗೌರವಧನದ ಮೇಲೆ ದುಡಿಯುವವರು. ಇವರ ವೃತ್ತಿ ತರಬೇತಿಯ ರೂಪ ಸಾಮಾನ್ಯವಾಗಿ ಒಂದೇ: ಕೆಲವು ದಿನಗಳ ಕಾರ್ಯಾಗಾರ, ಪವರ್‌ಪಾಯಿಂಟ್ ಉಪನ್ಯಾಸ, ಒಂದೆರಡು ರೋಲ್‌ಪ್ಲೇ, ಕೊನೆಗೆ ಪ್ರಮಾಣಪತ್ರ. ಮರುದಿನದಿಂದ ಆಪ್ತಸಮಾಲೋಚಕಿ ಒಂದು ಕೋಣೆಯಲ್ಲಿ ಒಬ್ಬಳೇ. ಎದುರಿಗೆ ಗಂಡನ ಹೊಡೆತ ತಿಂದು ಬಂದ ಹೆಂಗಸು, ಫೇಲಾದ ಹುಡುಗ, ಈಗಷ್ಟೇ ಪಾಸಿಟಿವ್ ವರದಿ ಕೈಗೆ ಬಂದ ಲಾರಿ ಚಾಲಕ. ಅಲ್ಲಿ ಏನು ಮಾತಾಯಿತು ಎಂಬುದು ಮೇಲಧಿಕಾರಿಗೆ ತಿಳಿಯುವುದಿಲ್ಲ. ತಿಂಗಳ ವರದಿಯಲ್ಲಿ ಅವರಿಗೆ ತಲುಪುವುದು ಪ್ರಕರಣಗಳ ಸಂಖ್ಯೆ ಮಾತ್ರ.

ಈ ಲೇಖನದ ವಾದ ಇಷ್ಟೇ. ಆಪ್ತಸಮಾಲೋಚಕರು ಬೆಳೆಯುವುದು ತಾವು ಮಾಡಿದ ಕೆಲಸವನ್ನು ಇನ್ನೊಬ್ಬರು ಕ್ರಮವಾಗಿ ಕೇಳಿ, ಅದರ ಬಗ್ಗೆ ನೇರವಾಗಿ ಮಾತಾಡಿದಾಗ. ಇದನ್ನು ಈ ಕ್ಷೇತ್ರದವರು ಸೂಪರ್‌ವಿಷನ್ ಎನ್ನುತ್ತಾರೆ. ಅದನ್ನು ಆಗುಮಾಡುವುದೇ ಈ ಕ್ಷೇತ್ರದ ನಾಯಕತ್ವ. ಈ ಅಳತೆಯಲ್ಲಿ ನಮ್ಮ ತರಬೇತಿ ಪದ್ಧತಿ ಸೋತಿದೆ. ಗೆದ್ದ ಒಂದು ಪ್ರಯೋಗ ಹತ್ತಿರದಲ್ಲೇ ಇದೆ, ಗೋವಾದಲ್ಲಿ.

1996ರಲ್ಲಿ ಅಲ್ಲಿ ಆರಂಭವಾದ ಸಂಗಾತ್ ಸಂಸ್ಥೆಯೂ ಅದರ ಸ್ಥಾಪಕರಲ್ಲಿ ಒಬ್ಬರಾದ ಮನೋವೈದ್ಯ ವಿಕ್ರಮ್ ಪಟೇಲ್ ಅವರೂ ಒಂದು ಸರಳ ಪ್ರಶ್ನೆ ಎತ್ತಿಕೊಂಡರು: ಮನೋವಿಜ್ಞಾನದ ಪದವಿಯಿಲ್ಲದ ಸ್ಥಳೀಯರು ಖಿನ್ನತೆಗೆ ಮಾತಿನ ಚಿಕಿತ್ಸೆ ಕೊಡಬಲ್ಲರೇ? 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ಮೊದಲ ದೊಡ್ಡ ಅಧ್ಯಯನದ ಪ್ರಕಾರ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಹೀಗೆ ನೆರವು ಪಡೆದವರು ಹೆಚ್ಚು ಸಂಖ್ಯೆಯಲ್ಲಿ ಚೇತರಿಸಿಕೊಂಡರು. ಖಾಸಗಿ ಕ್ಲಿನಿಕ್‌ಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾದ ಎರಡನೆಯ ಅಧ್ಯಯನ ಇನ್ನೂ ಬಿಗಿಯಾದದ್ದು. ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು, ತೀವ್ರ ಖಿನ್ನತೆಯ ಸುಮಾರು 500 ಮಂದಿ, ತಲಾ ಆರರಿಂದ ಎಂಟು ಭೇಟಿಗಳು. ಮೂರು ತಿಂಗಳ ನಂತರ ನೋಡಿದರೆ, ಆಪ್ತಸಮಾಲೋಚನೆ ಪಡೆದವರಲ್ಲಿ ಶೇಕಡಾ 64 ಮಂದಿಯ ಖಿನ್ನತೆ ಇಳಿದಿತ್ತು. ಕೇಂದ್ರದ ತುಸು ಬಲಪಡಿಸಿದ ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ಆ ಪ್ರಮಾಣ ಶೇಕಡಾ 39.

ಈ ಅಂಕಿಗಳನ್ನು ನಮ್ಮ ಸಭೆಗಳಲ್ಲಿ ಹಲವರು ಉಲ್ಲೇಖಿಸುತ್ತಾರೆ. ಹತ್ತನೇ ತರಗತಿ ಓದಿದವರೂ ಆಪ್ತಸಮಾಲೋಚನೆ ಮಾಡಬಹುದು ಎಂಬುದಷ್ಟೇ ಅವರ ತೀರ್ಮಾನ. ಇದು ಅರ್ಧ ಓದು. ಆ ಸ್ಥಳೀಯರಿಗೆ ವಾರಗಟ್ಟಲೆ ತರಬೇತಿ ಇತ್ತು, ಅದಾದ ಮೇಲೆ ತಿಂಗಳುಗಟ್ಟಲೆ ನಿಜವಾದ ರೋಗಿಗಳ ಜೊತೆ ಅಭ್ಯಾಸದ ಅವಧಿ ಇತ್ತು. ಮುಖ್ಯವಾದದ್ದು ಇದರ ನಂತರದ ಏರ್ಪಾಡು. ರೋಗಿಯ ಒಪ್ಪಿಗೆಯ ಮೇರೆಗೆ ಮಾತುಕತೆಯನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ವಾರಕ್ಕೊಮ್ಮೆ ನಾಲ್ಕರಿಂದ ಆರು ಮಂದಿ ಕುಳಿತು, ಚೀಟಿ ಎತ್ತಿದಂತೆ ಆರಿಸಿದ ಒಂದು ಮುದ್ರಣವನ್ನು ಕೇಳಿ, ಗುಣಮಟ್ಟದ ಪಟ್ಟಿ ಹಿಡಿದು ಅಂಕ ಕೊಟ್ಟು, ಚರ್ಚಿಸುತ್ತಿದ್ದರು. ಆ ಗುಂಪನ್ನು ನಡೆಸುತ್ತಿದ್ದವರೂ ಆ ಸ್ಥಳೀಯರೇ. ತಜ್ಞರು ತಿಂಗಳಿಗೆರಡು ಬಾರಿ ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ಕೂರುತ್ತಿದ್ದರು. ಸಹೋದ್ಯೋಗಿಗಳು ಕೊಟ್ಟ ಅಂಕಗಳಿಗೂ ತಜ್ಞರು ಕೊಟ್ಟ ಅಂಕಗಳಿಗೂ ಒಪ್ಪುವಷ್ಟು ಹೊಂದಿಕೆ ಇದೆಯೆಂದು ಇದನ್ನೇ ಪರೀಕ್ಷಿಸಿದ ಅಧ್ಯಯನವೊಂದು ತೋರಿಸಿತು. ಮನೋವಿಜ್ಞಾನದ ಪದವಿಯಿಲ್ಲದವರಿಗೂ ಈ ಕೆಲಸ ಸಾಧ್ಯವಾದದ್ದು ಅವರನ್ನು ಯಾರೂ ಒಂಟಿಯಾಗಿ ಬಿಡದಿದ್ದುದರಿಂದ.

ಅನುಭವವೇ ಗುರು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹತ್ತು ವರ್ಷ ಕುಳಿತರೆ ತಾನೇ ಪಳಗುತ್ತಾರೆ ಅನ್ನುತ್ತೇವೆ. ಅಮೆರಿಕದಲ್ಲಿ 170 ಚಿಕಿತ್ಸಕರು ನೋಡಿದ ಆರೂವರೆ ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆ ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನ ಈ ನಂಬಿಕೆಯನ್ನು ಅಲುಗಿಸಿತು. ವರ್ಷಗಳು ಕಳೆದಂತೆ ಚಿಕಿತ್ಸಕರ ಫಲಿತಾಂಶ ಸರಾಸರಿಯಲ್ಲಿ ಸುಧಾರಿಸಿರಲಿಲ್ಲ. ತುಸು ಇಳಿದೇ ಇತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸಂಗೀತ ಕಲಿಯುವ ಹುಡುಗಿ ಗುರುವಿನ ಎದುರು ಹಾಡದೆ ಮನೆಯಲ್ಲೇ ಹತ್ತು ವರ್ಷ ಹಾಡಿಕೊಂಡರೆ ತಪ್ಪಿದ ಸ್ವರವೇ ಗಟ್ಟಿಯಾಗಿ ಕೂರುತ್ತದೆ. ಆಪ್ತಸಮಾಲೋಚನೆಯಲ್ಲಿ ಅಪಾಯ ಇನ್ನೂ ದೊಡ್ಡದು. ಇಲ್ಲಿ ತಪ್ಪಿದರೆ ನೆರವು ಕೇಳಿ ಬಂದವರು ಎದ್ದು ಹೋಗಿ ಮತ್ತೆ ಬಾರದೆ ಉಳಿಯುತ್ತಾರೆ. ಏಕೆ ಬರಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ಹೊತ್ತಿಗೇ ಮಾತುಕತೆಗಳನ್ನು ಧ್ವನಿಮುದ್ರಿಸಲು ಆರಂಭಿಸಿ, 1942ರ ತಮ್ಮ ಪುಸ್ತಕದಲ್ಲಿ ಒಂದು ಪ್ರಕರಣದ ಮಾತುಕತೆಯನ್ನು ಆರಂಭದಿಂದ ಕೊನೆಯವರೆಗೂ ಅಚ್ಚು ಹಾಕಿಸಿದ್ದು ಈ ಕಾರಣಕ್ಕೇ. ಮುಚ್ಚಿದ ಕೋಣೆಯ ಕೆಲಸ ಪರೀಕ್ಷೆಗೆ ತೆರೆದುಕೊಂಡಾಗಲೇ ಅದು ಕಲಿಯಬಲ್ಲ, ಕಲಿಸಬಲ್ಲ ವಿದ್ಯೆಯಾಯಿತು.

ನಮ್ಮ ಕೋಣೆಗಳಲ್ಲಿ ಹೀಗೆ ಕಿವಿಗೊಟ್ಟರೆ ಏನು ಕೇಳಿಸೀತು? ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಗೃಹಿಣಿ ಬಂದು, ‘ಎದೆ ಮೇಲೆ ಕಲ್ಲಿಟ್ಟಂಗಾಗುತ್ತೆ ಮೇಡಂ, ರಾತ್ರಿ ನಿದ್ದೆ ಹತ್ತಲ್ಲ’ ಎನ್ನುತ್ತಾಳೆ. ಆಪ್ತಸಮಾಲೋಚಕಿ ಪ್ರೀತಿಯಿಂದಲೇ, ಆದರೆ ನಾಲ್ಕೇ ನಿಮಿಷದಲ್ಲಿ, ‘ಸಂಸಾರ ಅಂದ ಮೇಲೆ ಇದ್ದದ್ದೇ ಕಣಮ್ಮ, ಮಕ್ಕಳ ಮುಖ ನೋಡಿಕೊಂಡು ಸ್ವಲ್ಪ ಹೊಂದಿಕೊಂಡು ಹೋಗಿ’ ಎಂದುಬಿಡುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು. ಮನೆಯಲ್ಲಿ ಹೊಡೆತ ಇದೆಯೇ, ಸಾಯುವ ಯೋಚನೆ ಬಂದಿದೆಯೇ ಎಂದು ಕೇಳುವ ಬಾಗಿಲು ಮುಚ್ಚಿತು. ವರದಿಯಲ್ಲಿ ಮಾತ್ರ ‘ಪ್ರಕರಣ ಇತ್ಯರ್ಥ’ ಎಂದಿರುತ್ತದೆ. ಬುದ್ಧಿ ಹೇಳುವುದು ಅಕ್ಕರೆಯ ಗುರುತು ಎಂದೇ ಬೆಳೆದವರು ನಾವು. ಆ ರೂಢಿಯನ್ನು ಮೂರು ದಿನದ ಕಾರ್ಯಾಗಾರ ಬಿಡಿಸಲಾರದು. ತನ್ನದೇ ಮಾತನ್ನು ತಾನು ಕೇಳಿಸಿಕೊಂಡು, ಪಕ್ಕದಲ್ಲಿ ಕುಳಿತ ಗೆಳತಿ ‘ಇಲ್ಲಿ ನೀವು ಆತುರಪಟ್ಟಿರಿ’ ಎಂದಾಗ ಅದು ಬಿಡುತ್ತದೆ, ಅದೂ ನಿಧಾನಕ್ಕೆ.

ಗೋವಾದ ಪದ್ಧತಿಗೂ ಮಿತಿಗಳಿವೆ. ಅದು ಸಂಶೋಧನಾ ಅನುದಾನದ ಆಸರೆಯಲ್ಲಿ ನಡೆದದ್ದು. ಇನ್ನೊಬ್ಬರ ಕೆಲಸ ಕೇಳುವ ಸಮಯಕ್ಕೆ ಸಂಬಳ ಯಾರು ಕೊಡಬೇಕೆಂಬ, ಸರ್ಕಾರಿ ಕಚೇರಿಯಲ್ಲಿ ಏಳುವ ಪ್ರಶ್ನೆ ಅಲ್ಲಿ ಏಳಲಿಲ್ಲ. ಅಂಕದ ಪಟ್ಟಿಗೆ ಕಟ್ಟುಬಿದ್ದರೆ ಪಟ್ಟಿಯಲ್ಲಿರುವುದನ್ನು ಹೇಳಿ ಮುಗಿಸುವ ಯಾಂತ್ರಿಕತೆ ಬರಬಹುದು. ಸಣ್ಣ ಊರುಗಳಲ್ಲಿ ಎಲ್ಲರಿಗೂ ಎಲ್ಲರ ಪರಿಚಯ ಇರುವುದರಿಂದ ಮುದ್ರಣದ ಧ್ವನಿ ಗುರುತು ಸಿಕ್ಕುವ ಭಯ ನಿಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೌಪ್ಯತೆಯನ್ನು ಹಕ್ಕೆಂದೇ ಹೇಳಿರುವಾಗ ಇಲ್ಲಿ ಸಡಿಲು ಬಿಡುವಂತಿಲ್ಲ. ನಾಲ್ಕನೆಯದು ನಮಗೆ ಹೆಚ್ಚು ಸಂಬಂಧಿಸಿದ್ದು. ವಯಸ್ಸಿನಲ್ಲಿ ಹಿರಿಯರಾದವರ ತಪ್ಪನ್ನು ಕಿರಿಯರು ಎದುರಿಗೆ ಹೇಳುವುದು ನಮ್ಮಲ್ಲಿ ಕಷ್ಟ. ಹಿರಿಯರು ಹೇಳಿದರೆ ಅದು ಬೈಗುಳದಂತೆ ಕೇಳಿಸುತ್ತದೆ. ಹೇಳುವ ರೀತಿಯನ್ನೂ ಕಲಿಸದೆ ಗುಂಪು ಮಾಡಿದರೆ ಅದು ಪರಸ್ಪರ ಹೊಗಳಿಕೆಯ ಕೂಟವಾದೀತು. ಈ ನಾಲ್ಕನ್ನೂ ನೇರವಾಗಿ ಎದುರಿಸಬೇಕು. ಆದರೆ ಇವು ಯಾವುವೂ ಪದ್ಧತಿಯನ್ನೇ ಕೈಬಿಡಲು ಕಾರಣವಲ್ಲ.

ನಮ್ಮದೇ ನೆಲದ ಪರಂಪರೆಯೂ ಇದನ್ನೇ ಹೇಳುತ್ತದೆ. ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕ ತೆರೆದು, ಬೆಂಗಳೂರಿನ ಹೊರವಲಯದ ಸಕಲವಾರದಿಂದ ಹಳ್ಳಿಗಳತ್ತ ಹೊರಟಿತು. ಆ ಅನುಭವದ ಮೇಲೆ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಸುಮ್ಮನಾಗಲಿಲ್ಲ. ಜಿಲ್ಲೆಯ ತಂಡ ಅವರ ಕೆಲಸವನ್ನು ಮತ್ತೆ ಮತ್ತೆ ಪರಿಶೀಲಿಸುತ್ತಿತ್ತು. ಮಾದರಿ ದೇಶಕ್ಕೆ ಹರಡಿದಾಗ ಹೆಚ್ಚು ಹರಡಿದ್ದು ತರಬೇತಿ, ತೆಳುವಾದದ್ದು ಪರಿಶೀಲನೆ. ನಿಮ್ಹಾನ್ಸ್ 2014ರಿಂದ ಈ ಕೊರತೆಯನ್ನು ತುಂಬಲು ಇನ್ನೊಂದು ದಾರಿ ಹಿಡಿದಿದೆ. ನ್ಯೂ ಮೆಕ್ಸಿಕೊದ ವೈದ್ಯ ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ರೂಪಿಸಿದ ‘ಎಕೊ’ ಕ್ರಮವನ್ನು ಅದು ಅಳವಡಿಸಿಕೊಂಡಿತು. ದೂರದ ಊರುಗಳಲ್ಲಿರುವವರು ವಿಡಿಯೊ ಮೂಲಕ ಸೇರಿ ತಮ್ಮದೇ ಪ್ರಕರಣಗಳನ್ನು ಮುಂದಿಡುತ್ತಾರೆ, ತಜ್ಞರೂ ಸಹೋದ್ಯೋಗಿಗಳೂ ಚರ್ಚಿಸುತ್ತಾರೆ. ಇದು ಗೋವಾದ ವಾರದ ಗುಂಪಿಗೆ ಹತ್ತಿರದ್ದು. ಒಂದು ಕೊರತೆ ಉಳಿಯುತ್ತದೆ: ಪ್ರಕರಣ ಮುಂದಿಡುವವರು ತಾವು ಗಮನಿಸಿದ್ದನ್ನು ಮಾತ್ರ ಹೇಳಬಲ್ಲರು. ಗಮನಿಸದೆ ಬಿಟ್ಟದ್ದು ಮುದ್ರಣದಲ್ಲಿ ಮಾತ್ರ ಸಿಗುತ್ತದೆ.

ಇಲ್ಲಿ ಡಾ. ಸಿ. ಆರ್. ಚಂದ್ರಶೇಖರ್ ಅವರ ಕೆಲಸವನ್ನು ಗೌರವದಿಂದ ನೆನೆಯಬೇಕು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಶಿಕ್ಷಕರು, ಗೃಹಿಣಿಯರು, ನಿವೃತ್ತರು ಆಪ್ತಸಲಹೆಗಾರರಾಗಬಹುದು ಎಂದು ತೋರಿಸಿ, ಬೆಂಗಳೂರಿನಲ್ಲಿ ಸಮಾಧಾನ ಕೇಂದ್ರವನ್ನು ಕಟ್ಟಿದರು. ಈ ಜ್ಞಾನ ಇಂಗ್ಲಿಷ್ ಬಲ್ಲವರ ಸೊತ್ತಾಗಿ ಉಳಿಯದಂತೆ ನೋಡಿಕೊಂಡದ್ದು ದೊಡ್ಡ ನಾಯಕತ್ವ. ಮುಂದಿನ ತಲೆಮಾರಿನ ಹೊಣೆ ಆ ಮನೋಭಾವಕ್ಕೆ ಒಂದು ಚೌಕಟ್ಟು ಕೊಡುವುದು. ಒಬ್ಬ ಹಿರಿಯರ ಉತ್ಸಾಹದಿಂದ ಆರಂಭವಾದದ್ದು ಜಿಲ್ಲೆ ಜಿಲ್ಲೆಗಳಲ್ಲಿ ತಾನೇ ನಡೆಯಬೇಕಾದರೆ ವಾರದ ಗುಂಪುಗಳು ಬೇಕು, ಕನ್ನಡದಲ್ಲೇ ಬರೆದ ಕೈಪಿಡಿ ಬೇಕು. ಕಲಬುರಗಿಯ ಹೆಂಗಸು ದುಃಖ ಹೇಳಿಕೊಳ್ಳುವ ರೀತಿ ಬೇರೆ, ಪುತ್ತೂರಿನವಳ ರೀತಿ ಬೇರೆ. ಅದನ್ನು ಬಲ್ಲವರೇ ಅಳತೆಯ ಪಟ್ಟಿ ಬರೆಯಬೇಕು.

ಕಾನೂನು ಕೂಡ ಈಗ ತುಸು ದಾರಿ ತೆರೆದಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಡಿ ನೋಂದಣಿಯಾಗುವ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ತರಬೇತಿಯ ಅವಧಿಯಲ್ಲಿ ಹಿರಿಯರ ಕಣ್ಣೆದುರಿಗೆ ಕೆಲಸ ಮಾಡಿ ಬಂದವರು. 2017ರ ಕಾಯ್ದೆ ಮಾನಸಿಕ ಆರೋಗ್ಯ ವೃತ್ತಿಪರರೆಂದು ಹೆಸರಿಸಿದವರಲ್ಲಿ ಸಾಮಾನ್ಯ ಆಪ್ತಸಮಾಲೋಚಕರು ಇಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯ್ದೆ ಮಾತ್ರ ಎಚ್‌ಐವಿ ಆಪ್ತಸಮಾಲೋಚಕರವರೆಗೆ ಹಲವು ಬಗೆಯವರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಇದು ಒಳ್ಳೆಯ ಆರಂಭ. ಆದರೆ ನೋಂದಣಿಯಿಂದ ತಿಳಿಯುವುದು ಯಾರು ಕೆಲಸ ಮಾಡಬಹುದು ಎಂಬುದು ಮಾತ್ರ, ಅವರು ಬೆಳೆಯುತ್ತಿದ್ದಾರೆಯೇ ಎಂಬುದಲ್ಲ. ಬ್ರಿಟನ್ನಿನ ಆಪ್ತಸಮಾಲೋಚಕರ ಸಂಘ ಒಂದು ಹೆಜ್ಜೆ ಮುಂದೆ ಹೋಗಿ, ವೃತ್ತಿಯಲ್ಲಿರುವ, ತನ್ನ ಮಾನ್ಯತೆ (ಅಕ್ರೆಡಿಟೇಶನ್) ಪಡೆದ ಸದಸ್ಯರು ಎಷ್ಟೇ ಹಿರಿಯರಾಗಿದ್ದರೂ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಪಡೆಯಲೇಬೇಕು ಎಂದಿದೆ. ಹಿರಿಯರಿಗೂ ವಿನಾಯಿತಿ ಇಲ್ಲದಿರುವುದೇ ಅದರ ಸತ್ವ.

ನಾಯಕತ್ವದ ಪ್ರಶ್ನೆ ಇಲ್ಲಿಗೆ ಬರುತ್ತದೆ. ಈ ಕ್ಷೇತ್ರದಲ್ಲಿ ಮುಂದಾಳುಗಳೆಂದು ವೇದಿಕೆಯ ಮೇಲೆ ಕೂರುವವರು ಮನೋವೈದ್ಯರು, ಪ್ರಾಧ್ಯಾಪಕರು, ಇಲಾಖೆಯ ಅಧಿಕಾರಿಗಳು. ಹತ್ತು ವರ್ಷ ಐಸಿಟಿಸಿಯಲ್ಲಿ ದುಡಿದ ಆಪ್ತಸಮಾಲೋಚಕಿಗೆ ಮೇಲೇರುವ ಮೆಟ್ಟಿಲೇ ಸಿಗುವುದಿಲ್ಲ; ಮೇಲೇರಬೇಕೆಂದರೆ ಕೇಳುವ ಕೆಲಸ ಬಿಟ್ಟು ಕಡತದ ಕೆಲಸಕ್ಕೆ ಹೋಗಬೇಕು. ಗೋವಾದ ಗುಂಪು ಇದನ್ನು ತಿರುಗಿಸಿ ತೋರಿಸಿತು. ಅಲ್ಲಿ ಮುಂದೆ ಬಂದವರು ಇತರರ ಕೆಲಸವನ್ನು ಗಮನಕೊಟ್ಟು ಕೇಳಿ, ನೋಯಿಸದೆ ನಿಜ ಹೇಳಬಲ್ಲವರು. ಇದನ್ನೇ ಹುದ್ದೆಯಾಗಿ ಮಾಡಬೇಕು: ಪ್ರತಿ ಜಿಲ್ಲೆಯಲ್ಲಿ ಅನುಭವಿ ಆಪ್ತಸಮಾಲೋಚಕರಲ್ಲಿ ಕೆಲವರು ಕಿರಿಯರ ಕೆಲಸ ಕೇಳುವ ಹೊಣೆ ಹೊರಬೇಕು, ಅದಕ್ಕೆ ಸಂಬಳದ ಸಮಯ ಮೀಸಲಿರಬೇಕು. ವಾರದಲ್ಲಿ ಅರ್ಧ ದಿನ ಪ್ರಕರಣ ನೋಡದೆ ಗುಂಪಿನಲ್ಲಿ ಕೂತರೆ ಗುರಿ ತಲುಪಲಿಲ್ಲ ಎಂದು ನೋಟಿಸ್ ಬರಬಾರದು. ಗುಂಪು ಇನ್ನೊಂದು ಕಾರಣಕ್ಕೂ ಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, 14416ಕ್ಕೆ, ಎರಡೇ ವರ್ಷಗಳಲ್ಲಿ ಹತ್ತು ಲಕ್ಷ ಮೀರಿ ಕರೆಗಳು ಬಂದವು. ಇನ್ನೊಬ್ಬರ ಸಾವಿನ ಮಾತನ್ನು ದಿನವಿಡೀ ಕೇಳುವವರಿಗೆ ತಮ್ಮ ಭಾರ ಇಳಿಸಿಕೊಳ್ಳಲೂ ಇಂಥ ಜಾಗ ಬೇಕು. ಅದಿಲ್ಲದಿದ್ದರೆ ಅವರು ಕಲ್ಲಾಗುತ್ತಾರೆ, ಇಲ್ಲವೇ ಕೆಲಸ ಬಿಡುತ್ತಾರೆ.

ಸುಪ್ರೀಂ ಕೋರ್ಟಿನ ಮಾತಿನಂತೆ ಇನ್ನು ಮುಂದೆ ನಮ್ಮ ಶಾಲೆ ಕಾಲೇಜುಗಳು ನೇಮಕ ಮಾಡಿಕೊಳ್ಳುತ್ತವೆ. ಪೋಷಕರೂ ಆಡಳಿತ ಮಂಡಳಿಯವರೂ ಪ್ರಮಾಣಪತ್ರ ನೋಡಿ ಸುಮ್ಮನಾಗಬಾರದು. ಈ ವ್ಯಕ್ತಿಯ ಕೆಲಸವನ್ನು ಕೇಳುವವರು ಯಾರು, ಎಷ್ಟು ದಿನಕ್ಕೊಮ್ಮೆ, ಅದಕ್ಕೆ ಸಂಸ್ಥೆ ಹಣ ಮತ್ತು ಸಮಯ ಕೊಡುತ್ತದೆಯೇ ಎಂದು ಕೇಳಬೇಕು. ಈ ಮೂರಕ್ಕೆ ಉತ್ತರವಿಲ್ಲದ ನೇಮಕದಿಂದ ಸಂಸ್ಥೆ ಆದೇಶ ಪಾಲಿಸಿದಂತಾಗಬಹುದು, ಮಗುವಿಗೆ ಆಸರೆ ಸಿಗುವುದಿಲ್ಲ. ಉತ್ತರವಿದ್ದರೆ, ಸಾಮಾನ್ಯ ಓದಿನ ಒಬ್ಬ ವ್ಯಕ್ತಿಯೂ ಜೀವ ಉಳಿಸುವ ಕೆಲಸ ಮಾಡಬಲ್ಲರು. ಗೋವಾದಲ್ಲಿ ಮನೋವಿಜ್ಞಾನದ ಪದವಿಯಿಲ್ಲದ ಸ್ಥಳೀಯರು ಅದನ್ನು ಮಾಡಿ ತೋರಿಸಿದ್ದಾರೆ.