ಉದ್ಧರಣದ ಋಣ

ಗೋಷ್ಠಿಯಲ್ಲಿ ಆಡಿದ ಅಥವಾ ಪತ್ರಮುಖೇನ ತಿಳಿಸಿದ ವಿದ್ವಾಂಸರ ಅಭಿಪ್ರಾಯಗಳನ್ನು, ಅವು ಅಚ್ಚಾಗಿಲ್ಲವೆಂಬ ಕಾರಣದಿಂದ, ಒಡೆಯನಿಲ್ಲದ ಸೊತ್ತೆಂದು ಬಗೆಯುವ ಲೇಖಕರುಂಟು. ಇದು ಸಾಧುವಲ್ಲ. ೧೩ನೆಯ ಶತಮಾನದ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ದಲ್ಲಿ ಪೂರ್ವಕವಿಗಳ ಪದ್ಯಗಳನ್ನು ಅವರ ಹೆಸರು ಹೇಳದೆ ಸಂಕಲಿಸಿದನು, ಆತನ ಪುತ್ರ ಕೇಶಿರಾಜನೂ ‘ಶಬ್ದಮಣಿದರ್ಪಣ’ದ ಪ್ರಯೋಗಗಳಲ್ಲಿ ಬಹುಮಟ್ಟಿಗೆ ಹಾಗೆಯೇ ನಡೆದನು. ಆ ಕಾವ್ಯಗಳು ಅಂದಿನ ಓದುಗರಿಗೆ ಪರಿಚಿತವಾಗಿದ್ದಿರಬಹುದು. ಮೂಲಗಳು ನಷ್ಟವಾದ ಬಳಿಕ ಪದ್ಯಗಳುಳಿದುವು, ಎಷ್ಟೋ ಕರ್ತೃಗಳ ಹೆಸರುಗಳು ಅಳಿದುವು. ಖಾಸಗಿ ಮಾತಿಗಾದರೋ ಮೂಲಗ್ರಂಥವೇ ಇಲ್ಲ. ಉದ್ಧರಿಸುವವನ ಪ್ರಾಮಾಣಿಕತೆಯೇ ಅದಕ್ಕೆ ಆಧಾರ. ಆದುದರಿಂದ ಹೆಸರು, ದಿನಾಂಕ, ಸಂದರ್ಭಗಳನ್ನು ಕಾಣಿಸುವುದೂ, ಹೇಳಿದವರ ಸಮ್ಮತಿಯನ್ನು ಪಡೆಯುವುದೂ ಅವಶ್ಯಕ. ಸಂದೇಹದಿಂದ ಆಡಿದ ಊಹೆಯನ್ನು ಸಿದ್ಧಾಂತವೆಂದು ಮುದ್ರಿಸಿ ಖಂಡಿಸುವುದು ಕಳವಿಗಿಂತಲೂ ಹೀನವಾದ ಅಪಚಾರ. ಸಮ್ಮತಿ ದೊರೆಯದಿದ್ದಲ್ಲಿ ಆ ಮಾತನ್ನು ಬಿಡುವುದೇ ಲೇಸು.