ಹಿಡಿತವೂ ಬೇಸರವೂ

ಮಿಶ್ರ ಸಮರಕಲೆಯ ಪಂದ್ಯದಲ್ಲಿ ಒಬ್ಬನು ಎದುರಾಳಿಯನ್ನು ಕೆಡಹಿ ನಿಮಿಷಗಟ್ಟಲೆ ಅದುಮಿ ಹಿಡಿದರೆ ನೋಟಕರು ಕೂಗಿ ಹಳಿಯುವುದು ವಾಡಿಕೆ. ಹೊಡೆದಾಟವನ್ನು ನೋಡಲು ಬಂದವರಿಗೆ ಬರಿಯ ಅಪ್ಪುಗೆಯನ್ನು ತೋರಿಸಿದರೆಂಬುದು ಅವರ ಆಕ್ಷೇಪ. ಇದನ್ನು ಒಮ್ಮೆಗೇ ತಳ್ಳಿಹಾಕುವುದೂ ಸಲ್ಲದು, ಒಪ್ಪಿಬಿಡುವುದೂ ಸಲ್ಲದು. ಬೇಸರವು ಪಂದ್ಯದಲ್ಲಿದೆಯೋ ನೋಡುವ ಕಣ್ಣಿನಲ್ಲಿದೆಯೋ ಎಂಬುದನ್ನು ಮೊದಲು ವಿವೇಚಿಸಬೇಕು.

1994ರ ಡಿಸೆಂಬರಿನಲ್ಲಿ ಅಮೆರಿಕದ ಟಲ್ಸಾ ನಗರದಲ್ಲಿ ನಡೆದ ನಾಲ್ಕನೆಯ ಯು.ಎಫ್.ಸಿ. ಕೂಟದ ಅಂತಿಮ ಪಂದ್ಯವನ್ನು ತೆಗೆದುಕೊಳ್ಳೋಣ. ಒಂದು ಕಡೆ ಬ್ರೆಜಿಲಿನ ರಾಯ್ಸ್ ಗ್ರೇಸಿ, ಸುಮಾರು 80 ಕಿಲೋ ತೂಕದವನು; ಇನ್ನೊಂದು ಕಡೆ 110 ಕಿಲೋಗೂ ಮೀರಿದ ಅಮೆರಿಕದ ಮಲ್ಲ ಡ್ಯಾನ್ ಸೆವರ್ನ್. ಹದಿನೈದು ನಿಮಿಷ ಸೆವರ್ನನು ಮೇಲೆ, ಗ್ರೇಸಿ ಕೆಳಗೆ. ಹೊರನೋಟಕ್ಕೆ ಏನೂ ನಡೆಯುತ್ತಿಲ್ಲ. ಆದರೆ ಬೆನ್ನು ನೆಲಕ್ಕೆ ಹತ್ತಿದವನ ಕಾಲುಗಳು ಸುಮ್ಮನಿರಲಿಲ್ಲ: ಮೇಲಿನವನ ಕೈ ಮುಂದಾದರೆ ತೋಳು ಸಿಕ್ಕೀತು, ತಲೆ ತಗ್ಗಿದರೆ ಕೊರಳು ಸಿಕ್ಕೀತು. ಕೊನೆಗೆ ಕೊರಳನ್ನೂ ಒಂದು ತೋಳನ್ನೂ ಕಾಲುಗಳ ತ್ರಿಕೋನದಲ್ಲಿ ಸಿಕ್ಕಿಸಿ ಗ್ರೇಸಿ ಗೆದ್ದನು. ದೂರದರ್ಶನ ಪ್ರಸಾರಕ್ಕೆ ಗೊತ್ತುಮಾಡಿದ್ದ ವೇಳೆ ಮೀರಿದ್ದರಿಂದ ಹಣ ತೆತ್ತ ಅನೇಕರಿಗೆ ಈ ಮುಕ್ತಾಯವೇ ಕಾಣಲಿಲ್ಲ. ಅವರ ಪಾಲಿಗೆ ಉಳಿದದ್ದು ಬೇಸರವೊಂದೇ. ಅದಕ್ಕೆ ಗ್ರೇಸಿಯನ್ನು ಹೊಣೆಮಾಡುವುದು ನ್ಯಾಯವೆ?

ಇದೇ ಗ್ರೇಸಿ 1995ರ ಏಪ್ರಿಲಿನಲ್ಲಿ ಕೆನ್ ಶ್ಯಾಮ್ರಾಕನೊಡನೆ 36 ನಿಮಿಷ ಸೆಣಸಿದ ಪಂದ್ಯವು ಸಮವಾಗಿ ಮುಗಿಯಿತು. ಮೇಲಿದ್ದ ಶ್ಯಾಮ್ರಾಕನು ಸಿಕ್ಕಿಬೀಳದಿರುವುದನ್ನೇ ಗುರಿಮಾಡಿಕೊಂಡಂತಿತ್ತು. ಇದು ನಿಜವಾಗಿಯೂ ನೀರಸ. ಎರಡರಲ್ಲಿಯೂ ಹಿಡಿತವಿದೆ, ಆದರೆ ಒಂದರಲ್ಲಿ ಅದು ಏನನ್ನೋ ಸಾಧಿಸಲು ಹವಣಿಸುತ್ತದೆ, ಇನ್ನೊಂದರಲ್ಲಿ ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ವಿಭಾವ ಅನುಭಾವಗಳು ಸ್ಥಾಯಿಯನ್ನು ಪೋಷಿಸದೆ ನಿಂತರೆ ರಸವೆಲ್ಲಿಯದು?

ಈ ಭೇದವನ್ನು ಇಂದಿನ ನಿಯಮಗಳೂ ಬಲ್ಲವು. ಪರಿಣಾಮಕಾರಿಯಾದ ಹೊಡೆತಕ್ಕೂ ಪಟ್ಟಿಗೂ ಮೊದಲ ಮನ್ನಣೆ; ಅವು ಸಮವಾದರೆ ಆಕ್ರಮಣಶೀಲತೆಗೆ; ಅದೂ ಸಮವಾದರೆ ಮಾತ್ರ ಕಣದ ಮೇಲಣ ಹಿಡಿತಕ್ಕೆ. ಬರಿದೆ ಅದುಮಿ ಕುಳಿತವನಿಗೆ ಅಂಕ ಸುಲಭವಾಗಿ ಸಲ್ಲಬಾರದೆಂಬುದೇ ಇದರ ಆಶಯ. ಆಚರಣೆಯಲ್ಲಿ ಹೊಡೆತ ವಿರಳವಾದ ಸುತ್ತು ಮೇಲಿದ್ದವನಿಗೇ ಒಲಿಯುವುದುಂಟು. ಆಕ್ಷೇಪದಲ್ಲಿ ಹುರುಳಿರುವುದು ಇಲ್ಲಿ.

ಹಿಡಿತದ ಫಲ ಒಡನೆ ಕಾಣಿಸದೆಂಬುದನ್ನೂ ಮರೆಯಬಾರದು. 2018ರ ಅಕ್ಟೋಬರಿನಲ್ಲಿ ಲಾಸ್ ವೇಗಸ್ಸಿನಲ್ಲಿ ಖಬೀಬ್ ನುರ್ಮಗೊಮೆದೋವನು ಕಾನರ್ ಮೆಕ್‌ಗ್ರೆಗರನನ್ನು ಮೊದಲ ಸುತ್ತಿನ ಬಹುಭಾಗ ಕಾಲು ಕಟ್ಟಿ ಬೇಲಿಗೊತ್ತಿ ಹಿಡಿದಿದ್ದನು. ನೋಡಲು ಅದೇನು ಸೊಗಸಲ್ಲ. ಎರಡನೆಯ ಸುತ್ತಿನಲ್ಲಿ, ಹೊಡೆತಕ್ಕೆ ಹೆಸರಾದ ಮೆಕ್‌ಗ್ರೆಗರನನ್ನು ಹೊಡೆತದಿಂದಲೇ ಕೆಡಹಿದವನು ಈ ಕುಸ್ತಿಯಾಳು. ನಾಲ್ಕನೆಯ ಸುತ್ತಿನಲ್ಲಿ ಕತ್ತು ತಿರುಚಿ ಸೋಲೊಪ್ಪಿಸಿದನು. ಮೊದಲ ಸುತ್ತಿನಲ್ಲಿ ವ್ಯಯವಾದ ಉಸಿರನ್ನು ಲೆಕ್ಕಕ್ಕೆ ಹಿಡಿಯದೆ ಈ ಮುಕ್ತಾಯವನ್ನು ವಿವರಿಸಲಾಗದು.

ನೆಲಕ್ಕೆ ಬಿದ್ದವರನ್ನು ಪಂಚನು ಇನ್ನೂ ಬೇಗನೆ ಎಬ್ಬಿಸಿ ನಿಲ್ಲಿಸಬೇಕೆಂಬ ಸಲಹೆಯಿದೆ. ಆಟ ನಿಜವಾಗಿ ಸ್ತಬ್ಧವಾದಾಗ ಹಾಗೆ ಮಾಡುವ ಅಧಿಕಾರ ಅವನಿಗೆ ಈಗಲೂ ಉಂಟು. ಅದಕ್ಕಿಂತ ಮುಂದೆ ಹೋಗುವುದು ನನಗೆ ಸಮ್ಮತವಲ್ಲ. ಟಲ್ಸಾದಲ್ಲಿ ಹತ್ತನೆಯ ನಿಮಿಷಕ್ಕೆ ಇಬ್ಬರನ್ನೂ ಎಬ್ಬಿಸಿದ್ದರೆ ಅದರಿಂದ ಉಳಿದುಕೊಳ್ಳುತ್ತಿದ್ದವನು ಸೆವರ್ನನು, ಕೆಳಗೆ ಬಿದ್ದಿದ್ದ ಗ್ರೇಸಿಯಲ್ಲ.