ಚಿತ್ರಕಥೆಯಲ್ಲಿ ಭಯಾನಕರಸ

ಕತ್ತಲೆಯಲ್ಲಿ ಕಥೆ ಹೇಳುವ ಅಜ್ಜಿಯು “ಅಲ್ಲೇನೋ ಇತ್ತು” ಎಂದು ನಿಲ್ಲಿಸಿದರೆ ಸಾಕು, ಕೇಳುವ ಮಗುವಿನ ಮನಸ್ಸು ಮಿಕ್ಕುದನ್ನು ತಾನೇ ತುಂಬಿಕೊಳ್ಳುವುದು. ಚಿತ್ರಕಾರನಿಗೆ ಈ ಸೌಕರ್ಯವಿಲ್ಲ. ಕುಂಚವು ಕಾಗದವನ್ನು ಮುಟ್ಟಿದೊಡನೆ “ಏನೋ” ಎಂಬುದು “ಇದು” ಎಂದಾಗಿಬಿಡುವುದು. ಆದಕಾರಣ ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟನ (1890–1937) ಕಥೆಗಳನ್ನು ಚಿತ್ರಕಥೆಗಳನ್ನಾಗಿ ಮಾಡಹೊರಟವರ ಸಾಹಸವು ರಸವಿಚಾರದಲ್ಲಿ ಆಸಕ್ತಿಯುಳ್ಳವರು ಪರಿಶೀಲಿಸತಕ್ಕದ್ದಾಗಿದೆ. ಇಂತಹ ಸಂಕಲನಗಳು ಹಲವುಂಟು. ಅರ್ಜೆಂಟೀನಾದ ಆಲ್ಬೆರ್ತೊ ಬ್ರೆಚ್ಚಾ ಎಂಬ ಚಿತ್ರಕಾರನು 1970ರ ದಶಕದಲ್ಲಿ ರಚಿಸಿದ “ಕ್ಥುಲುವಿನ ಪುರಾಣಗಳು” ಎಂಬುದೊಂದು. 2011ರಲ್ಲಿ ಲಂಡನ್ನಿನಿಂದ ಡಾನ್ ಲಾಕ್‌ವುಡ್ಡನ ಸಂಪಾದಕತ್ವದಲ್ಲಿ ಹೊರಟ “ಲವ್‌ಕ್ರಾಫ್ಟ್ ಸಂಕಲನ”ದ ಮೊದಲನೆಯ ಸಂಪುಟವೊಂದು. ಇವೆರಡನ್ನು ಎದುರುಬದುರಾಗಿಟ್ಟು ನೋಡಿದರೆ ವಿಷಯವು ತಿಳಿಯಾಗುವುದು.

ಮೊದಲು ಮೂಲಲೇಖಕನ ಮಾತು. ಪ್ರಾವಿಡೆನ್ಸ್ ಪಟ್ಟಣದಲ್ಲಿ ಹುಟ್ಟಿ ಅಲ್ಲಿಯೇ ಮಡಿದ ಲವ್‌ಕ್ರಾಫ್ಟನು “ವಿಯರ್ಡ್ ಟೇಲ್ಸ್” ಎಂಬ ಅಗ್ಗದ ಪತ್ರಿಕೆಗೆ ಬರೆಯುತ್ತಿದ್ದವನು. ಅವನ ಕಲ್ಪನೆ ಮಾತ್ರ ಅಗ್ಗದ್ದಲ್ಲ. ಮನುಷ್ಯನು ಹುಟ್ಟುವುದಕ್ಕೆ ಯುಗಗಳ ಮೊದಲೇ ಭೂಮಿಗೆ ಬಂದು ಕಡಲ ತಳದಲ್ಲಿಯೂ ಹಿಮದ ಮರೆಯಲ್ಲಿಯೂ ಅಡಗಿರುವ ಸತ್ತ್ವಗಳು ಅವನ ಕಥೆಗಳಲ್ಲಿ ಬರುವುವು. ನಮ್ಮ ಪುರಾಣಗಳ ರಾಕ್ಷಸರಿಗೆ ವೈರವಾದರೂ ಉಂಟು, ವೈರವೂ ಒಂದು ಸಂಬಂಧವೇ. ಇವುಗಳಿಗೆ ಮನುಷ್ಯನಲ್ಲಿ ವೈರವೂ ಇಲ್ಲ, ದಯೆಯೂ ಇಲ್ಲ. ಈ ಅನಾದರವೇ ಭಯದ ಬೀಜ. ಆದರೆ ಬರವಣಿಗೆಯಲ್ಲಿ ದೊಡ್ಡದೊಂದು ದೋಷವಿದೆ. ವರ್ಣಿಸಲಸಾಧ್ಯವಾದದ್ದು, ಹೆಸರಿಸಬಾರದ್ದು, ಘೋರವಾದದ್ದು ಎಂಬ ವಿಶೇಷಣಗಳನ್ನು ಅವನು ರಾಶಿರಾಶಿಯಾಗಿ ಸುರಿಯುವನು. ರಸವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ನಮ್ಮ ಆಲಂಕಾರಿಕರು ಸ್ವಶಬ್ದವಾಚ್ಯತೆಯೆಂಬ ದೋಷವಾಗಿ ಎಣಿಸಿರುವರು. ಶೃಂಗಾರವೆಂದ ಮಾತ್ರಕ್ಕೆ ಶೃಂಗಾರವು ಹುಟ್ಟದೆಂಬುದನ್ನು ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಸ್ಥಾಪಿಸಿದನು. ಚಿತ್ರಕಥೆಗೆ ಇಲ್ಲೊಂದು ಅವಕಾಶವಿದೆ. ಸ್ಥಳಸಂಕೋಚದಿಂದ ಅದು ವಿಶೇಷಣಗಳನ್ನು ಕತ್ತರಿಸಲೇಬೇಕು. ಕತ್ತರಿಸಿದರೆ ಮೂಲದ ರೋಗವೇ ವಾಸಿಯಾದೀತು. ಆದರೆ ಭೂತವನ್ನು ಹಲ್ಲು ಕಣ್ಣುಗಳೊಡನೆ ಪೂರ್ತಿಯಾಗಿ ಬರೆದು “ಇಗೋ ಭಯ” ಎಂದು ತೋರಿಸಿದಲ್ಲಿ ಅದೇ ರೋಗವು ಬೇರೆ ಬಾಗಿಲಿನಿಂದ ಒಳಗೆ ಬಂದಂತಾಯಿತು.

ಅಮೆರಿಕದಲ್ಲಿ ಹೀಗೆಯೇ ಆಯಿತು. 1950ರಿಂದ ವಿಲಿಯಂ ಗೇನ್ಸನ ಇ. ಸಿ. ಸಂಸ್ಥೆಯು ಹೊರಡಿಸಿದ ಭೀತಿಪತ್ರಿಕೆಗಳಲ್ಲಿ ಕೊಳೆತ ಹೆಣಗಳಿಗೇ ಮೊದಲ ಮಣೆ. ಲವ್‌ಕ್ರಾಫ್ಟನ “ತಣ್ಣನೆಯ ಗಾಳಿ” ಎಂಬ ಕಥೆಯನ್ನೂ ಅವು 1951ರಲ್ಲಿ ಅವನ ಹೆಸರೆತ್ತದೆಯೇ ಎತ್ತಿಕೊಂಡವು. 1954ರ ಏಪ್ರಿಲಿನಲ್ಲಿ ಸೆನೆಟ್ಟಿನ ಉಪಸಮಿತಿಯು ಗೇನ್ಸನನ್ನು ವಿಚಾರಿಸಿತು. ಕೊಡಲಿ ಹಿಡಿದವನ ಕೈಯಲ್ಲಿ ಹೆಂಗಸಿನ ರುಂಡವು ನೇತಾಡುವ ರಕ್ಷಾಪುಟವೊಂದನ್ನು ತೋರಿಸಿ, ಇದು ಸದಭಿರುಚಿಯೆ ಎಂದು ಕೇಳಿದರು. ಭೀತಿಪತ್ರಿಕೆಯ ಮಟ್ಟಿಗೆ ಸದಭಿರುಚಿಯೇ, ರುಂಡವನ್ನು ಇನ್ನೂ ಮೇಲಕ್ಕೆತ್ತಿ ಕೊರಳಿನ ರಕ್ತವು ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಕೆಡುತ್ತಿತ್ತು ಎಂದು ಅವನು ಉತ್ತರವಿತ್ತನು. ಲೋಕವು ನಕ್ಕಿತು. ಆದರೆ ಆ ಮನುಷ್ಯನು ತನಗರಿವಿಲ್ಲದೆಯೇ ಔಚಿತ್ಯವಿಚಾರವನ್ನು ಮಾಡುತ್ತಿದ್ದನು! ಕೊರತೆಯೇನೆಂದರೆ, ಅವನೂ ಅವನನ್ನು ಕೇಳಿದವರೂ ವಾದಿಸಿದ್ದು ಬೀಭತ್ಸದ ಅಳತೆಯನ್ನು ಕುರಿತು ಮಾತ್ರ; ಭಯಾನಕದ ಮಾತೇ ಅಲ್ಲಿ ಬರಲಿಲ್ಲ. ಅದೇ ವರ್ಷ ಪ್ರಕಾಶಕರು ತಾವೇ ಕಟ್ಟಿಕೊಂಡ ನಿಯಮಾವಳಿಯು ಆ ಪತ್ರಿಕೆಗಳಿಗೆ ಮಂಗಳ ಹಾಡಿತು.

ಲಂಡನ್ನಿನ ಸಂಪುಟವು ಅಂತಹ ಹೇಸಿಗೆಯನ್ನೇ ನೆಚ್ಚಿಕೊಂಡುದಲ್ಲ. ಅದರಲ್ಲಿ 7 ಕಥೆಗಳಿವೆ. ಒಂದೊಂದಕ್ಕೂ ಬೇರೆ ಬೇರೆ ಚಿತ್ರಕಾರರು. ಅಚ್ಚುಕಟ್ಟಾದ ಕೆಲಸ. ಆದರೂ ಲವ್‌ಕ್ರಾಫ್ಟನ ಭಯವು ಹಳೆಯ ಕಾಗದಗಳು, ವೃತ್ತಪತ್ರಿಕೆಯ ತುಣುಕುಗಳು, ಸತ್ತವರ ದಿನಚರಿಗಳು ಇವುಗಳ ನಡುವೆ ಇರುವೆಯಂತೆ ಹರಿದು ಬರುವಂಥದು. ಕೆಲವೇ ಪುಟಗಳಲ್ಲಿ ಕಥೆಯನ್ನು ಮುಗಿಸಬೇಕಾದಾಗ ಘಟನೆಗಳು ಉಳಿದು ಆ ಹರಿದಾಟವು ಹೋಗಿಬಿಡುವುದು. “ಬಾಹ್ಯಾಕಾಶದಿಂದ ಬಂದ ಬಣ್ಣ” ಎಂಬ ಕಥೆಯಲ್ಲಿ ಇನ್ನೂ ಒಂದು ತೊಡಕು. ಭೂಮಿಯ ಮೇಲೆ ಯಾರೂ ಕಾಣದ ಬಣ್ಣವೊಂದು ಒಕ್ಕಲಿಗನೊಬ್ಬನ ಹೊಲಮನೆಗಳನ್ನು ಹೀರಿಕೊಳ್ಳುವುದು ಕಥಾವಸ್ತು. ಬಣ್ಣದಲ್ಲಿ ಅಚ್ಚಾಗುವ ಪುಸ್ತಕದ ಚಿತ್ರಕಾರನು ಯಾವುದಾದರೊಂದು ಬಣ್ಣವನ್ನು ಆರಿಸಲೇಬೇಕು; ಆರಿಸಿದೊಡನೆ ಅದು ಎಲ್ಲರೂ ಕಂಡ ಬಣ್ಣವಾಗುವುದು. ಇದು ಅವನ ಅಶಕ್ತಿಯಲ್ಲ, ಸಾಧನದ ಅಶಕ್ತಿ.

ಬ್ರೆಚ್ಚಾನು ಅದೇ ಕಥೆಯನ್ನು ಕಪ್ಪುಬಿಳುಪಿನಲ್ಲಿ ಬರೆದನು. ಬಣ್ಣವೇ ಇಲ್ಲದ ಪುಟದಲ್ಲಿ ಬಣ್ಣದ ವಿಷಯವು ಕೇವಲ ವ್ಯಂಗ್ಯವಾಗಿ ನಿಲ್ಲುವುದು. 1919ರಲ್ಲಿ ಮಾಂಟೆವಿಡಿಯೋದಲ್ಲಿ ಹುಟ್ಟಿದ ಈತನು ಬೆಳೆದದ್ದು ಬ್ಯೂನಸ್ ಐರಿಸ್ಸಿನ ಮತಾದೆರೋಸ್ ಎಂಬ ಕೇರಿಯಲ್ಲಿ. ಆ ಹೆಸರಿಗೆ ಕಸಾಯಿಖಾನೆಗಳೆಂದೇ ಅರ್ಥ. ತರುಣನಾಗಿದ್ದಾಗ ದನಗಳ ಕರುಳು ಜಠರಗಳನ್ನು ತೊಳೆಯುವ ಕಾರ್ಖಾನೆಯಲ್ಲಿ ದುಡಿದವನು. ದಿನವೂ ಕರುಳನ್ನು ಕಂಡವನು ತನ್ನ ಭಯಾನಕ ಚಿತ್ರಗಳಲ್ಲಿ ಕರುಳನ್ನು ನೆಚ್ಚಲಿಲ್ಲವೆಂಬುದು ಗಮನಾರ್ಹ. ಅವನ ಸಂಕಲನದ 9 ಕಥೆಗಳಲ್ಲಿ ಮನೆಗಳೂ ಬೀದಿಗಳೂ ಮುದುಕರ ಮುಖಗಳೂ ಸ್ಪಷ್ಟ. ಆ ಸತ್ತ್ವವು ಸಮೀಪಿಸಿದಂತೆ ಗೆರೆಯು ಕರಗಿ ಕಲೆಯಾಗುವುದು. ಮಸಿಯನ್ನು ಹರಿಯಬಿಟ್ಟು, ಒತ್ತಿ ತೆಗೆದು, ಕಾಗದದ ಚೂರುಗಳನ್ನು ಅಂಟಿಸಿ ಅವನು ಮಾಡಿದ ರೂಪಗಳಲ್ಲಿ ತಲೆಯಾವುದು ಕಾಲಾವುದು ಎಂದು ಹೇಳಲಾಗದು. ಓದುವವನು ತನ್ನ ಭಯವನ್ನು ತಾನೇ ತಂದು ಅದರಲ್ಲಿ ಹಾಕಲೆಂಬುದು ಅವನ ಉದ್ದೇಶವಾಗಿತ್ತು. ಅಜ್ಜಿಯ “ಏನೋ” ಎಂಬುದನ್ನು ಕುಂಚದಿಂದ ಹೇಳಿದ ಹಾಗಾಯಿತು.

ಅಭಿನವಗುಪ್ತನು ಭಯಾನಕಕ್ಕೆ ಶಾಕುಂತಲದ ಮೊದಲನೆಯ ಅಂಕದ ಜಿಂಕೆಯನ್ನು ಉದಾಹರಿಸಿರುವನು. ಅಲ್ಲಿ ಬಾಣದ ಕ್ರೌರ್ಯದ ವರ್ಣನೆಯಿಲ್ಲ. ಹಿಂದಿರುಗಿ ನೋಡುತ್ತ ಓಡುವ ಮೈಯ ವರ್ಣನೆಯಿದೆ. (ಭಯವೆಂಬ ಶಬ್ದವು ಆ ಪದ್ಯದಲ್ಲಿಯೂ ಬಂದಿದೆಯಾದರೂ ರಸವು ಹುಟ್ಟುವುದು ಆ ಶಬ್ದದಿಂದಲ್ಲ.) ಹೆದರಿಸುವುದನ್ನು ಬಿಟ್ಟು ಹೆದರಿದವನನ್ನು ಬರೆ ಎಂಬ ಈ ಮರ್ಮವನ್ನು ಬ್ರೆಚ್ಚಾನು ತನ್ನ ದಾರಿಯಿಂದ ಕಂಡುಕೊಂಡನು. ಬೀಭತ್ಸದಿಂದ ಭಯಾನಕವು ಹುಟ್ಟುವುದೆಂದು ಭರತನೇ ಹೇಳಿರುವಾಗ ಇ. ಸಿ. ಪತ್ರಿಕೆಗಳನ್ನು ಹಳಿಯುವುದೇಕೆಂದು ಯಾರಾದರೂ ಕೇಳಬಹುದು. ಹುಟ್ಟಬಹುದು, ದಿಟ, ಹೇಸಿಗೆಯಲ್ಲಿಯೇ ನಿಂತರೆ ಹುಟ್ಟುವುದೆಲ್ಲಿಂದ?

ದೋಷಗಳು ಬ್ರೆಚ್ಚಾನಲ್ಲಿಯೂ ಇವೆ. ಕೆಲವು ಪುಟಗಳು ಕಲೆಗಳ ಮುದ್ದೆಯಾಗಿ, ನೊರ್ಬೆರ್ತೊ ಬುಸ್ಕಾಲ್ಯಾ ಒದಗಿಸಿದ ಪಾಠದ ಊರೆಗೋಲಿಲ್ಲದೆ ನಡೆಯಲಾರವು. “ಇನ್ಸ್‌ಮತ್ತಿನ ಮೇಲಣ ನೆರಳು” ಎಂಬ ಕಥೆಯಲ್ಲಿ ಮೂಲಲೇಖಕನ ಕಲ್ಮಷವೂ ಇಣುಕುವುದು. ಪರದೇಶದವರ ರಕ್ತವು ಬೆರೆಯುವುದನ್ನೇ ಅವನು ಅಲ್ಲಿ ಭಯಕ್ಕೆ ವಿಭಾವವನ್ನಾಗಿ ಮಾಡಿರುವನು. ಇದು ಕಾವ್ಯದ ಭಯವಲ್ಲ, ಆ ಮನುಷ್ಯನ ಜನಾಂಗದ್ವೇಷ, ಎಷ್ಟು ಮಸಿ ಸುರಿದರೂ ಮುಚ್ಚದು. ಇನ್ನು, ಅರ್ಜೆಂಟೀನಾದ ಸೈನಿಕ ದಬ್ಬಾಳಿಕೆಯ ನೆರಳನ್ನು ಈ ಪುಟಗಳಲ್ಲಿ ಕಾಣುವವರುಂಟು. ಸೈನ್ಯವು ರಾಜ್ಯವನ್ನು ಕಿತ್ತುಕೊಂಡದ್ದು 1976ರಲ್ಲಿ. ಬ್ರೆಚ್ಚಾನೊಡನೆ “ಮಾರ್ಟ್ ಸಿಂಡರ್” ಎಂಬ ಚಿತ್ರಕಥೆಯನ್ನು ರಚಿಸಿದ್ದ ಓಸ್ಟರ್‌ಹೆಲ್ಡನನ್ನು 1977ರಲ್ಲಿ ಹಿಡಿದೊಯ್ದರು, ಅವನು ಹಿಂದಿರುಗಲಿಲ್ಲ. ಆದರೆ ಈ ಸಂಕಲನದ ಕೆಲಸವು ಅದಕ್ಕೆ ಮೊದಲೇ ಪ್ರಾರಂಭವಾಗಿತ್ತು. ಅನಂತರದ ದುಃಖವನ್ನು ಹಿಂದಿನ ಚಿತ್ರದಲ್ಲಿ ಓದುವುದು ಸಹಜವೆನ್ನಬಹುದೇ ಹೊರತು ಸರಿಯೆನ್ನಲಾಗದು.

ಈ ಚಿತ್ರಕಾರನನ್ನು ಹೊಸದಾಗಿ ನೋಡುವವರು ಈ ಸಂಕಲನಕ್ಕೆ ಹೊರಗಿರುವ ಒಂದು ಕೃತಿಯಿಂದ, ಅವನು ಎಡ್ಗರ್ ಆಲನ್ ಪೋವಿನ “ಗುಟ್ಟು ಹೇಳುವ ಹೃದಯ”ವನ್ನು ಚಿತ್ರಿಸಿರುವುದರಿಂದ, ಪ್ರಾರಂಭಿಸುವುದು ಲೇಸು. ಅಲ್ಲಿ ಭೂತವೇ ಇಲ್ಲ. ಕಪ್ಪು, ಬಿಳುಪು, ಮುದುಕನೊಬ್ಬನ ಕಣ್ಣು, ಕೊಲೆಗಾರನ ಮುಖ. ಹೆಚ್ಚುಕಡಿಮೆ ಒಂದೇ ಚೌಕಟ್ಟು ಮತ್ತೆ ಮತ್ತೆ ಬರುತ್ತಿರುವುದು, ಎದೆಯ ಬಡಿತದಂತೆ.